ಒಲೆಯ ಮುಂದಿನ ಮಕ್ಕಳು: ಕಲಿಕೆ ಎಲ್ಲಿಯವರೆಗೆ, ದುಡಿಮೆ ಎಲ್ಲಿಂದ?

ಹಾವೇರಿ: ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ವಹಿವಾಟಿನ ದಿನಗಳು. ಸುಗ್ಗಿಯಲ್ಲಿ ಆವಕ ಹೆಚ್ಚಿದಂತೆ ಕಾಯಿ ವಿಂಗಡಿಸುವ, ತೊಟ್ಟು ಬಿಡಿಸುವ ಕೆಲಸಕ್ಕೆ ಸುತ್ತಲಿನ ಮಹಿಳೆಯರು ಬೆಳಗ್ಗೆಯೇ ಮನೆ ಬಿಡುತ್ತಾರೆ. ರಾಣೆಬೆನ್ನೂರು ಭಾಗದ ಹೈಬ್ರಿಡ್ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಪರಾಗ ಸೋಕಿಸುವ ಕೆಲಸವೂ ಬಹುಮಟ್ಟಿಗೆ ಅವರದೇ. ಇಂತಹ ಮನೆಗಳಲ್ಲಿ ಸಂಜೆಯ ಒಲೆ ಹೊತ್ತಿಸುವವರು ಯಾರು ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಒಂದೇ: ಹಿರಿಯ ಮಗಳು.

ನಗರಗಳ ಬೇಸಿಗೆ ಶಿಬಿರಗಳಲ್ಲಿ ಒಲೆಯಿಲ್ಲದ ಅಡುಗೆ ಸ್ಪರ್ಧೆ ಏರ್ಪಡಿಸಿ ಮಕ್ಕಳ ಫೋಟೊ ತೆಗೆಯುವುದುಂಟು. ಈ ಸೀಮೆಯ ಕಲಿಕೆ ಒಲೆಯಿಂದಲೇ ಆರಂಭವಾಗುತ್ತದೆ. ಮೊದಲು ಸೊಪ್ಪು ಸೋಸುವುದು, ಬೆಳ್ಳುಳ್ಳಿ ಬಿಡಿಸುವುದು, ಶೇಂಗಾ ಹುರಿದು ಸಿಪ್ಪೆ ತೆಗೆಯುವುದು; ಬಳಿಕ ಜೋಳದ ರೊಟ್ಟಿ. ಇದು ಕಷ್ಟದ ವಿದ್ಯೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿ ಇಲ್ಲ. ಆದ್ದರಿಂದ ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಪಿಷ್ಟ ಜಿಗುಟಾಗುವಂತೆ ಮಾಡಿ, ಬಿಸಿ ಆರುವ ಮುನ್ನವೇ ನಾದಬೇಕು. ಎಸರು ಸಾಕಷ್ಟು ಕಾಯದಿದ್ದರೆ ರೊಟ್ಟಿಯ ಅಂಚು ಒಡೆಯುತ್ತದೆ. ಬಡಿದ ರೊಟ್ಟಿಯನ್ನು ಹರಿಯದಂತೆ ಎತ್ತಿ ಹಂಚಿಗೆ ಹಾಕಬೇಕು, ಮೇಲೆ ನೀರು ಸವರಬೇಕು, ಸಮಯಕ್ಕೆ ಸರಿಯಾಗಿ ತಿರುವಿ ಹಾಕಬೇಕು. ಅವ್ವ ಮೊದಮೊದಲು ಕೊಡುವುದು ಅಂಗೈಯಗಲದ ಪುಟ್ಟ ರೊಟ್ಟಿಯಾಗುವಷ್ಟು ಹಿಟ್ಟನ್ನು ಮಾತ್ರ. ಅಳತೆಯ ಲೋಟವಾಗಲಿ ಗಡಿಯಾರವಾಗಲಿ ಇಲ್ಲಿ ಇಲ್ಲ, ಕೈ ಕಲಿಯಬೇಕು. ಇಂಗ್ಲಿಷ್ ಶಾಲೆಯ ಪದವಿಗಳಿಗಿಂತ ಇದು ಕಡಿಮೆಯ ವಿದ್ಯೆಯೆಂದು ಈ ವರದಿಗಾರ ಭಾವಿಸುವುದಿಲ್ಲ.

ಖಾರದ ಪಾಠವೂ ಇದೆ. 2011ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಕಣ್ಣಿಗೆ ಕಡುಗೆಂಪು, ನಾಲಿಗೆಗೆ ಸೌಮ್ಯ. ಬಣ್ಣ ನೋಡಿ ಖಾರ ಅಳೆಯುವ ಹೊಸಬರು ಇಲ್ಲಿ ಮೋಸಹೋಗುತ್ತಾರೆ. ಗುಂಡಗಿನ ಡಬ್ಬಿ, ನೀಳವಾಗಿ ಸುಕ್ಕುಗಟ್ಟಿದ ಕಡ್ಡಿ, ಇವೆರಡರ ಜೊತೆಗೆ ಖಾರಕ್ಕೆಂದು ಬೆರೆಸುವ ಗುಂಟೂರು ಕಾಯಿ ಎಷ್ಟಿರಬೇಕೆಂಬುದನ್ನು ಪ್ರತಿ ಮನೆಯೂ ತನ್ನದೇ ಲೆಕ್ಕದಲ್ಲಿ ಮಕ್ಕಳಿಗೆ ದಾಟಿಸುತ್ತದೆ.

ಗಂಡುಮಕ್ಕಳ ಕಥೆ ಬೇರೆ. ಮನೆಯ ಒಲೆಯಿಂದ ದೂರವಿರುವ ಹುಡುಗರು ಜಾತ್ರೆ, ಮಠದ ದಾಸೋಹಗಳಲ್ಲಿ ಮುಂದೆ ಬರುತ್ತಾರೆ. ಮೊದಲು ನೀರು ಹಾಗೂ ಎಲೆ ಹಂಚಿಕೆ, ನಂತರ ಬಡಿಸುವುದು, ಮೀಸೆ ಮೂಡುವ ವಯಸ್ಸಿಗೆ ಹಿರಿಯರ ಜೊತೆ ಕಡಾಯಿಯ ಗೋಧಿ ಹುಗ್ಗಿಗೆ ಸೌಟು ಹಾಕುವುದು. 12ನೇ ಶತಮಾನದ ಶರಣರಿಂದ ಬಂದ ದಾಸೋಹದ ಕಲ್ಪನೆಯಲ್ಲಿ ಇದು ಸೇವೆ. ಒಂದೇ ಅಡುಗೆ ಊರಿನ ಎದುರು ನಡೆದಾಗ ಗೌರವ, ಮನೆಯೊಳಗೆ ನಡೆದಾಗ ಲೆಕ್ಕಕ್ಕೇ ಇಲ್ಲ! ಲೆಕ್ಕ ಹಾಕಿದವರೂ ಇದ್ದಾರೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ದೇಶದ 6 ವರ್ಷ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ, ಪುರುಷರು ವ್ಯಯಿಸುವುದು 97 ನಿಮಿಷ.

ಹಾಗಾದರೆ ಕಾನೂನು ಏನು ಹೇಳುತ್ತದೆ? 2006ರ ಅಕ್ಟೋಬರ್‌ನಿಂದ ಹೋಟೆಲ್, ಢಾಬಾಗಳಲ್ಲಿ ಹಾಗೂ ಪರರ ಮನೆಗೆಲಸದಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದು ನಿಷಿದ್ಧ. 2016ರ ತಿದ್ದುಪಡಿ ಎಲ್ಲ ಉದ್ಯೋಗಗಳಿಗೂ ಈ ನಿಷೇಧವನ್ನು ವಿಸ್ತರಿಸಿತು. ಆದರೆ ಶಾಲಾ ಅವಧಿಯ ನಂತರ ಮತ್ತು ರಜೆಯಲ್ಲಿ ಕುಟುಂಬಕ್ಕೆ ನೆರವಾಗಲು ಅವಕಾಶ ಉಳಿಸಿತು. ಮದುವೆ ಅಡುಗೆಯ ಗುತ್ತಿಗೆದಾರನು ಹನ್ನೆರಡರ ಹುಡುಗನನ್ನು ಕೂಲಿಗೆ ಕರೆದೊಯ್ದರೆ ಅಪರಾಧ. ಅದೇ ವಯಸ್ಸಿನ ಹುಡುಗಿ ಮನೆಯಲ್ಲಿ ದಿನವೂ ಇಪ್ಪತ್ತು ರೊಟ್ಟಿ ಬಡಿದರೆ ಅಲ್ಲ. ಆ ರೊಟ್ಟಿಗಾಗಿ ಅವಳು ಶಾಲೆ ತಪ್ಪಿಸಿದಾಗ ಮಾತ್ರ ವಿಷಯ ಶಿಕ್ಷಣ ಹಕ್ಕಿನ ವ್ಯಾಪ್ತಿಗೆ ಬರುತ್ತದೆ, ಅದೂ ಹಾಜರಿ ಪುಸ್ತಕವನ್ನು ಯಾರಾದರೂ ಗಮನಿಸಿದರೆ. ಶಾಲೆಯ ಬಿಸಿಯೂಟ ಮಧ್ಯಾಹ್ನದ ಹೊರೆಯನ್ನು ಇಳಿಸಿದೆ, ಸಂಜೆಯದನ್ನು ಇಳಿಸಿಲ್ಲ.

ಸುರಕ್ಷತೆಯ ವಿಷಯದಲ್ಲಿ ಮೈಮರೆಯುವಂತಿಲ್ಲ. 2023ರ ನವೆಂಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದ 2ನೇ ತರಗತಿಯ ಬಾಲಕಿ ಅಸುನೀಗಿದಳು. ಅವಳು ಅಡುಗೆ ಮಾಡುತ್ತಿರಲಿಲ್ಲ, ಪಾತ್ರೆಯ ಬಳಿ ಇದ್ದಳು ಅಷ್ಟೆ. ದಾಸೋಹದ ಕಡಾಯಿಗಳ ಸುತ್ತ ಮಕ್ಕಳು ಓಡಾಡುವಲ್ಲಿ ದೊಡ್ಡವರೊಬ್ಬರು ಕಾವಲಿಗೇ ನಿಲ್ಲುವುದು ಅಗತ್ಯ. ಮನೆಯಲ್ಲಿ ಎಸರು ಇಳಿಸುವ ಕೆಲಸವನ್ನು ಎಳೆಯ ಕೈಗಳಿಗೆ ಬಿಡಬಾರದು.

2024ರಲ್ಲಿ ಕೇರಳದ 3ನೇ ತರಗತಿಯ ಪಠ್ಯಪುಸ್ತಕದಲ್ಲಿ ತಂದೆ ತೆಂಗಿನಕಾಯಿ ತುರಿಯುವ ಚಿತ್ರ ಬಂದಾಗ ಅದು ಸುದ್ದಿಯಾಯಿತು. ನಮ್ಮಲ್ಲಿ ಅಂತಹ ಚಿತ್ರಕ್ಕಿಂತ ಮೊದಲು ಅಗತ್ಯ ಬೀಳುವುದು ಧಾರವಾಡದ ಬಾಡಿಗೆ ಕೊಠಡಿಗಳಲ್ಲಿ. ಅಲ್ಲಿ ಓದುವ ಹುಡುಗರಿಗೆ ಊರಿನಿಂದ ಬಸ್ಸಿನಲ್ಲಿ ಬುತ್ತಿಗಂಟು ಬರುತ್ತದೆ: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ರಂಜಕ. ಗಂಟು ಬಾರದ ದಿನ ಖಾನಾವಳಿಯೇ ಗತಿ. ಆ ಗಂಟನ್ನು ಕಟ್ಟಿದ ತಂಗಿ ಅದೇ ಧಾರವಾಡಕ್ಕೆ ಓದಲು ಬರುವಳೋ ಇಲ್ಲವೋ ಎಂಬುದು ಇನ್ನೂ ಅನೇಕ ಮನೆಗಳಲ್ಲಿ ತೀರ್ಮಾನವಾಗಿಲ್ಲ.