ತಂದೆಯ ಟಿಪ್ಪಣಿ ಪುಸ್ತಕ, ಮಗನ ಚಾವಟಿ

ಹಾಳು ಗುಡಿ, ಗವಿ, ಹಾವು, ಗುಪ್ತನಿಧಿ—ಇವುಗಳ ಬೆನ್ನು ಹತ್ತಿ ಹೋಗುವ ಸಾಹಸಿಯ ಕಥೆಯೆಂದರೆ ಹಿರಿಯರಿಗೂ ಕಿರಿಯರಿಗೂ ಒಂದೇ ಬಗೆಯ ಹಿಗ್ಗು. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿ 1989ರಲ್ಲಿ ತೆರೆಗೆ ಬಂದ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಲಾಸ್ಟ್ ಕ್ರುಸೇಡ್’ ಅಂಥದೊಂದು ಚಿತ್ರ. ಬರಿಯ ಓಟ ಹೊಡೆದಾಟಗಳಿಗಾಗಿ ನೋಡಿದರೂ ಬೇಸರವಾಗದು. ಆದರೆ ಅದರೊಳಗಿನ ತಂದೆ ಮಗನ ವ್ಯಾಜ್ಯವನ್ನು ಹಿಡಿದು ನೋಡಿದರೆ ರುಚಿ ಇಮ್ಮಡಿಸುವುದು.

ಕಥೆ 1938ರದು. ಮಗ ಪ್ರಾಕ್ತನಶಾಸ್ತ್ರದ ಅಧ್ಯಾಪಕ. ಟೊಪ್ಪಿಗೆಯಿಟ್ಟು ಚಾವಟಿ ಹಿಡಿದನೆಂದರೆ ಬೇರೆಯೇ ಮನುಷ್ಯ. ತಂದೆ ಮಧ್ಯಯುಗದ ಸಾಹಿತ್ಯದ ಪಂಡಿತ. ಏಸುಕ್ರಿಸ್ತನು ಕೊನೆಯ ಭೋಜನದಲ್ಲಿ ಬಳಸಿದನೆನ್ನುವ ಪಾನಪಾತ್ರೆಯ ಸುಳಿವುಗಳನ್ನು ಬಾಳೆಲ್ಲ ಒಂದು ಪುಟ್ಟ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟವನು. ಪುಸ್ತಕಕ್ಕೆ ಕೊಟ್ಟ ಹೊತ್ತನ್ನು ಮಗನಿಗೆ ಕೊಡಲಿಲ್ಲ. ನಾಜಿಗಳ ಸೆರೆಯಿಂದ ತಂದೆಯನ್ನು ಮಗ ಬಿಡಿಸಿ ತಂದರೂ ಇಬ್ಬರಿಗೂ ಮಾತು ಕೂಡದು. ತಂದೆ ‘ಜೂನಿಯರ್’ ಎಂದು ಕರೆದಾಗಲೆಲ್ಲ ನಲವತ್ತರ ಹತ್ತಿರದ ಈ ಶೂರ ಸಣ್ಣ ಹುಡುಗನಂತೆ ಸಿಡುಕುತ್ತಾನೆ. ತಂದೆಯಾದ ಸೀನ್ ಕಾನರಿ, ಮಗನಾದ ಹ್ಯಾರಿಸನ್ ಫೋರ್ಡರಿಗಿಂತ 12 ವರ್ಷಕ್ಕಷ್ಟೇ ಹಿರಿಯರೆಂಬುದು ನೋಡುವಾಗ ನೆನಪಿಗೇ ಬಾರದು. ಶತ್ರುವಿನ ವಿಮಾನ ಮೇಲೆರಗಿ ಬರುವಾಗ ತಂದೆ ಕೊಡೆ ಬಿಚ್ಚಿ, ಕಡಲದಂಡೆಯ ಹಕ್ಕಿಗಳನ್ನೆಬ್ಬಿಸಿ, ವಿಮಾನವನ್ನೇ ಕೆಡವುತ್ತಾನೆ. ಮಗನು ಬೆರಗಾಗಿ ನೋಡುವ ಆ ನೋಟಕ್ಕಾಗಿಯೇ ಚಿತ್ರವನ್ನು ಎರಡನೆಯ ಸಲ ನೋಡಬಹುದು.

ಪ್ರಾಕ್ತನಶಾಸ್ತ್ರದ ಬಹುಪಾಲು ಕೆಲಸ ಗ್ರಂಥಾಲಯದಲ್ಲಿಯೇ ನಡೆಯುವುದೆಂದು ಮಗ ತರಗತಿಯಲ್ಲಿ ಬೋಧಿಸುತ್ತಾನೆ. ತರುವಾಯ ವೆನಿಸ್ಸಿನ ಗ್ರಂಥಾಲಯಕ್ಕೆ ಹೋಗಿ ಅದರ ನೆಲವನ್ನೇ ಒಡೆಯುತ್ತಾನೆ! ನಗು ಬರುವ ಜಾಗ. ಬಲ್ಲವರಿಗೆ ಎದೆ ಝಲ್ಲೆನ್ನುವ ಜಾಗವೂ ಹೌದು. ವಸ್ತು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬುದೇ ಉತ್ಖನನದ ನಿಜವಾದ ಗಳಿಕೆ. ಕಿತ್ತು ತಂದ ಚಿನ್ನ ಮೂಕ.

ಚಿತ್ರದ ಕೊನೆಯ ಭಾಗದಲ್ಲಿ ಕಾಣುವ ಕೆಂಬಂಡೆಯ ಭವ್ಯ ಮುಖ ಜೋರ್ಡಾನಿನ ಪೆಟ್ರಾದ ‘ಖಜ್ನೆ’. ಹೆಸರಿನ ಅರ್ಥವೇ ಖಜಾನೆ. ಅದರ ನೆತ್ತಿಯ ಕಲ್ಲಿನ ಕಲಶದಲ್ಲಿ ನಿಧಿಯಿದೆಯೆಂದು ನಂಬಿ ಹಿಂದಿನವರು ಗುಂಡು ಹೊಡೆದ ಗುರುತುಗಳಿವೆ. ಕಲಶವೋ ಗಟ್ಟಿ ಬಂಡೆ.

ಈ ಮರುಳು ನಮಗೂ ಹೊಸದಲ್ಲ. ನಿಧಿಯಾಸೆಗೆ ಗರ್ಭಗುಡಿಯನ್ನು ಅಗೆದವರು ನಮ್ಮ ನಾಡಿನಲ್ಲಿಯೂ ಉಂಟು. ಮುಂಡಗೋಡ ತಾಲೂಕಿನ ಮಳಗಿಯಲ್ಲಿ ಕುಳಿತು ಈ ಚಿತ್ರ ನೋಡುವವರಿಗೆ ಪೆಟ್ರಾ ದೂರ. ಕದಂಬರ ಬನವಾಸಿ ದಕ್ಷಿಣಕ್ಕೆ ಹತ್ತಿರ. ಅಲ್ಲಿ 1970ರ ದಶಕದ ಆರಂಭದಲ್ಲಿ ಉತ್ಖನನ ನಡೆದಾಗ ದೊರೆತವುಗಳೆಂದರೆ ಇಟ್ಟಿಗೆಯ ತಳಪಾಯ, ಮಡಕೆಯ ಚೂರು, ಶಾತವಾಹನರ ನಾಣ್ಯಗಳು. ಸಿನಿಮಾಕ್ಕೆ ಸಾಲದು, ಚರಿತ್ರೆಗೆ ಸಾಕು.

ಚಿತ್ರದ ಕೊನೆಯಲ್ಲಿ ಮಗ ಕಂದಕದ ಅಂಚಿನಲ್ಲಿ ಒಂದು ಕೈಯಲ್ಲಿ ತೂಗುತ್ತಾನೆ. ಇನ್ನೊಂದು ಕೈ ಪಾತ್ರೆಯತ್ತ ಚಾಚಿದೆ. ಬಾಳೆಲ್ಲ ಅದನ್ನೇ ಅರಸಿದ ತಂದೆ, ಮಗ ತಾನೇ ಇಟ್ಟುಕೊಂಡ ‘ಇಂಡಿಯಾನಾ’ ಎಂಬ ಹೆಸರಿನಿಂದ ಮೊದಲ ಸಲ ಅವನನ್ನು ಕರೆದು, ಬಿಟ್ಟುಬಿಡು ಎನ್ನುತ್ತಾನೆ. ಮೆಲುದನಿಯ ಮಾತು, ಗದ್ದಲದ ನಡುವೆ ಕಿವಿಗೊಟ್ಟು ಕೇಳಬೇಕು.

ಕದಂಬರಲ್ಲಿಯೂ ತಂದೆ ಮಗನ ಕಥೆಯೊಂದಿದೆ. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಕಾಕುಸ್ಥವರ್ಮ ಕೆರೆ ಕಟ್ಟಿಸಿದ. ಅದನ್ನು ನೆನೆಯುವ ಸಂಸ್ಕೃತ ಕಾವ್ಯವನ್ನು ಕಲ್ಲಿನಲ್ಲಿ ಬರೆಸಿದವನು ಮಗ ಶಾಂತಿವರ್ಮ. ರಚಿಸಿ ಬರೆದವನು ಕವಿ ಕುಬ್ಜ. ಬಿ. ಎಲ್. ರೈಸ್ ಅವರು ಇದನ್ನು 1902ರ ‘ಎಪಿಗ್ರಾಫಿಯಾ ಕರ್ನಾಟಿಕ’ದ 7ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಂಬ ಇಂದಿಗೂ ಪ್ರಣವೇಶ್ವರ ಗುಡಿಯ ಮುಂದೆ ನಿಂತಿದೆ. ಸಾಲುಗಳು ಕಂಬದ ಉದ್ದಕ್ಕೆ ಕೊರೆದವು. ಓದಹೊರಟವರು ಕತ್ತು ವಾಲಿಸಬೇಕು.