ಬಂದರಿನ ಟವರಿಗೂ ಬಜ್ಪೆಗೂ ಏನು ನಂಟು?

ಪ್ರಶ್ನೆ: ಗಂಗೊಳ್ಳಿ ಬಂದರಿನ ಹತ್ತಿರ ಮೊಬೈಲ್ ಟವರ್ ಕಟ್ಟಲು ವಿಮಾನ ನಿಲ್ದಾಣದವರ ಒಪ್ಪಿಗೆ ಬೇಕೇ?
– ಓದುಗರೊಬ್ಬರು, ಗಂಗೊಳ್ಳಿ

ಉತ್ತರ: ಸಾಮಾನ್ಯ ಟವರಿಗೆ ಬೇಡ. ವಿಮಾನ ಸುರಕ್ಷತೆಗಾಗಿ ಎತ್ತರಕ್ಕೆ ಮಿತಿ ಹಾಕುವ 2015ರ ಕೇಂದ್ರ ನಿಯಮಗಳ ಹಿಡಿತ ಮುಖ್ಯವಾಗಿ ನಿಲ್ದಾಣದ ಸುತ್ತಲಿನ 20 ಕಿ.ಮೀ. ಒಳಗೆ. ಗಂಗೊಳ್ಳಿಯಿಂದ ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಗೆ ನೇರ ಗೆರೆ ಎಳೆದರೂ ಸುಮಾರು 80 ಕಿ.ಮೀ.

ಸ್ವಾರಸ್ಯ ಇರುವುದು ಬಜ್ಪೆಯಲ್ಲೇ. ನಿಯಮ ನೋಡುವುದು ಟವರಿನ ಉದ್ದವನ್ನಲ್ಲ, ಅದರ ತುದಿ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಎಂಬುದನ್ನು. ಅಲ್ಲಿನ ರನ್‌ವೇ ಗುಡ್ಡದ ನೆತ್ತಿಯಲ್ಲಿ, ಸುಮಾರು 103 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಪಕ್ಕದ ಗುಡ್ಡದ ಮೇಲಿನ ಗಿಡ್ಡ ಕಂಬ ಅಡ್ಡಿಯಾದೀತು. ಕೆಳಗಿನ ಗದ್ದೆಬಯಲಿನ ಉದ್ದನೆಯ ಟವರಿಗೆ ತಕರಾರು ಇರಲಿಕ್ಕಿಲ್ಲ. ವಿಮಾನ ಏರಿಳಿಯುವ ಜಾಡಿನಲ್ಲಂತೂ ಬಿಗಿ ಇನ್ನೂ ಹೆಚ್ಚು.

ಎಲ್ಲಿ ಎಷ್ಟು ಎತ್ತರ ಸಲ್ಲುತ್ತದೆ ಎಂದು ತೋರಿಸುವ ಬಣ್ಣದ ವಲಯ ನಕ್ಷೆಯ ಮಿತಿಯೊಳಗಿದ್ದರೆ ಸ್ಥಳೀಯ ಸಂಸ್ಥೆಯೇ ಅನುಮತಿ ಕೊಡಬಹುದು. ಕೆಂಪು ವಲಯಕ್ಕಂತೂ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕೇ ಬೇಕು. 2020ರಲ್ಲಿ ಮಂಗಳೂರು ನಿಲ್ದಾಣದ ನಿರ್ವಹಣೆ ಅದಾನಿ ಸಮೂಹಕ್ಕೆ ಹೋದರೂ ಈ ಅಧಿಕಾರ ಪ್ರಾಧಿಕಾರದಲ್ಲೇ ಉಳಿದಿದೆ.

ಹಾಗೆಂದು ನಿಮ್ಮೂರಿನ ಟವರಿಗೆ ಕಾಗದಪತ್ರವೇ ಬೇಡ ಎಂದುಕೊಳ್ಳಬೇಡಿ. ಸ್ಥಳೀಯ ಸಂಸ್ಥೆ, ದೂರಸಂಪರ್ಕ ಇಲಾಖೆಗಳ ಅನುಮತಿಯ ಲೆಕ್ಕ ಬೇರೆಯೇ ಇದೆ.