ಮೂತ್ರ ಪರೀಕ್ಷೆಯೂ ನೌಕರನ ಖಾಸಗಿತನವೂ

ಬಂಟ್ವಾಳ ತಾಲೂಕಿನ ಕನ್ಯಾನವು ಕೇರಳದ ಗಡಿಯ ಬಳಿಯ ಊರು. ಈ ಸೀಮೆಯಿಂದ ದುಡಿಮೆಗಾಗಿ ಕೊಲ್ಲಿಯ ನಾಡುಗಳಿಗೆ ಹೋಗುವವರು ಮಂಗಳೂರಿನಲ್ಲಿ ವಿಮಾನವನ್ನೇರುವುದುಂಟು. ಹಾಗೆ ಏರಿದವನು ತನ್ನ ಪ್ರಾಣವನ್ನು ಎಂದೂ ಕಾಣದ ಚಾಲಕನ ಕೈಯಲ್ಲಿಡುತ್ತಾನೆ. ಆ ಚಾಲಕನು ಮಾದಕ ವಸ್ತುವಿನ ಅಮಲಿನಲ್ಲಿಲ್ಲವೆಂಬ ಭರವಸೆಯನ್ನು ಕೇಳಲು ಅವನಿಗೆ ಹಕ್ಕುಂಟು. ಆದರೆ ಚಾಲಕನೂ ಮನುಷ್ಯನೇ; ಅವನ ಶರೀರದ ಗುಟ್ಟುಗಳು ಅವನವೇ. ಇವೆರಡನ್ನು ತೂಗಿ ನೋಡಲು ನ್ಯಾಯಶಾಸ್ತ್ರದಷ್ಟೇ ರಸಾಯನಶಾಸ್ತ್ರವೂ ಬೇಕು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2022ರ ಜನವರಿ 31ರಿಂದ ಒಂದು ನಿಯಮವನ್ನು ಜಾರಿಗೆ ತಂದಿತು. ವಿಮಾನದ ಸಿಬ್ಬಂದಿಯಲ್ಲಿಯೂ ವಾಯು ಸಂಚಾರ ನಿಯಂತ್ರಕರಲ್ಲಿಯೂ ವರ್ಷಕ್ಕೆ ನೂರರಲ್ಲಿ 10 ಮಂದಿಯನ್ನಾದರೂ ಚೀಟಿ ಎತ್ತಿದಂತೆ ಆರಿಸಿ ಪರೀಕ್ಷಿಸಬೇಕೆಂಬುದು ಅದರ ಸಾರ. ಅಫೀಮಿನ ವರ್ಗ, ಗಾಂಜಾ, ಕೊಕೇನ್, ಆಂಫೆಟಮೀನ್, ಬಾರ್ಬಿಟ್ಯುರೇಟ್, ಬೆಂಜೋಡಯಾಜಿಪೀನ್ ಇವುಗಳನ್ನು ಹುಡುಕಲಾಗುತ್ತದೆ. ಚೀಟಿಯ ಕ್ರಮದಲ್ಲಿ ಗುಣವಿದೆ: ಪರೀಕ್ಷೆಯ ದಿನ ಮೊದಲೇ ತಿಳಿಯದು, ಮೇಲಧಿಕಾರಿಯ ದ್ವೇಷಕ್ಕೂ ಎಡೆ ಕಡಿಮೆ. ಆದರೆ ಸಂಶಯಕ್ಕೆ ಕಾರಣವೇ ಇಲ್ಲದವನೂ ಮೂತ್ರವನ್ನು ಕೊಡಬೇಕಾಗುತ್ತದೆ.

ಈ ಮೂತ್ರವು ಏನನ್ನು ಹೇಳಬಲ್ಲದು? ಮದ್ಯದ ವಿಷಯ ಸರಳ. ಶ್ವಾಸಕೋಶದಲ್ಲಿ ರಕ್ತವೂ ಗಾಳಿಯೂ ಒಂದಕ್ಕೊಂದು ತಗಲಿಕೊಂಡಂತಿರುವುದರಿಂದ, ಉಸಿರಿನಲ್ಲಿರುವ ಆಲ್ಕೋಹಾಲು ಈ ಕ್ಷಣ ರಕ್ತದಲ್ಲಿರುವುದನ್ನು ಸೂಚಿಸುತ್ತದೆ. ಗಾಂಜಾದ ಸಂಗತಿ ಬೇರೆ. ಅದರ ಸಾರವು ದೇಹದ ಕೊಬ್ಬಿನಲ್ಲಿ ಸೇರಿಕೊಂಡು, ರೂಪಾಂತರ ಹೊಂದಿ, ಮೆಲ್ಲಮೆಲ್ಲನೆ ಮೂತ್ರಕ್ಕಿಳಿಯುತ್ತದೆ. ಅಮಲು ಕೆಲವು ಗಂಟೆಗಳಲ್ಲಿ ಇಳಿದರೂ ಕುರುಹು ದಿನಗಟ್ಟಲೆ, ನಿತ್ಯ ಸೇವಿಸುವವರಲ್ಲಿ ವಾರಗಟ್ಟಲೆ ಉಳಿಯಬಹುದು. ಎಂದೋ ನಡೆದುದಕ್ಕೆ ಮೂತ್ರವು ಸಾಕ್ಷಿ ನುಡಿಯುತ್ತದೆ. ಇಂದು ಕೆಲಸಕ್ಕೆ ಯೋಗ್ಯನೇ ಎಂಬುದನ್ನು ಹೇಳದು.

ನಮ್ಮ ಹಬ್ಬದೂಟದ ಗಸಗಸೆ ಪಾಯಸವೂ ಇಲ್ಲಿ ತೊಡಕನ್ನು ತರಬಲ್ಲದು. ಗಸಗಸೆಯು ಅಫೀಮಿನ ಗಿಡದ ಬೀಜ. ಅದಕ್ಕೆ ಅಂಟಿದ ಅತ್ಯಲ್ಪ ಮಾರ್ಫೀನ್ ಉಂಡವನ ಮೂತ್ರದಲ್ಲಿ ಕಾಣಿಸಿಕೊಳ್ಳಬಹುದು. ಈ ಕಾರಣದಿಂದಲೇ ಅಮೆರಿಕದ ಸರಕಾರವು 1998ರಲ್ಲಿ ಅಫೀಮಿನ ವರ್ಗದ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಮಿನಿಂದ 2000ಕ್ಕೆ ಏರಿಸಿತು.

ಗಣಿತವೂ ಎಚ್ಚರಿಸುತ್ತದೆ. ಒಂದು ಸಂಸ್ಥೆಯ 1000 ನೌಕರರಲ್ಲಿ 10 ಮಂದಿ ಮಾತ್ರ ಮಾದಕ ವಸ್ತುವನ್ನು ಸೇವಿಸಿದ್ದಾರೆನ್ನೋಣ. ಪರೀಕ್ಷೆಯು ಆ 10 ಮಂದಿಯನ್ನೂ ಹಿಡಿಯಲಿ; ಆದರೆ ಸೇವಿಸದವರಲ್ಲಿ ನೂರಕ್ಕೆ 5 ಮಂದಿಯನ್ನು ತಪ್ಪಾಗಿ ತೋರಿಸಲಿ. ಉಳಿದ 990ರಲ್ಲಿ ಸುಮಾರು 50 ನಿರಪರಾಧಿಗಳು ಸಿಕ್ಕಿಬೀಳುವರು! ಹಿಡಿಯಲ್ಪಟ್ಟ 60 ಮಂದಿಯಲ್ಲಿ ಹೆಚ್ಚಿನವರು ತಪ್ಪು ಮಾಡದವರೇ. ಆದುದರಿಂದ ಮೊದಲ ಪರೀಕ್ಷೆಯು ತೀರ್ಪಾಗಲಾರದು. ಅಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಿಂದ ಎರಡನೆಯ ಪರೀಕ್ಷೆ ನಡೆಯಲೇಬೇಕು.

ಯಾವ ಮೂತ್ರ ಪರೀಕ್ಷೆಗೂ ಸಿಗದ ಅಪಾಯಗಳೂ ಉಂಟು. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನವು ಮಂಗಳೂರಿನಲ್ಲಿ ಓಡುಪಥವನ್ನು ದಾಟಿ ಕಮರಿಗೆ ಬಿದ್ದು 158 ಮಂದಿ ಮಡಿದರು. ಸಹಚಾಲಕನು ಎಚ್ಚರಿಸಿದರೂ ಕ್ಯಾಪ್ಟನ್ ಇಳಿಯುವುದನ್ನು ಕೈಬಿಡದೆ ಹೋದುದೇ ಕಾರಣವೆಂದು ತನಿಖೆ ಹೇಳಿತು. ಹಾರಾಟದಲ್ಲಿ ಅವರು ದೀರ್ಘಕಾಲ ನಿದ್ರಿಸಿದ್ದು, ಆ ನಿದ್ದೆಯ ಜಡ್ಡು ವಿವೇಚನೆಯನ್ನು ಕುಂದಿಸಿರಬಹುದೆಂದೂ ಅದು ಸೂಚಿಸಿತು. ನಿದ್ದೆಯ ಜಡ್ಡಿಗೆ ಮೂತ್ರದಲ್ಲಿ ಕುರುಹಿಲ್ಲ.

ಇತ್ತ ಅದೇ ಮೂತ್ರವು ಕೇಳದಿದ್ದುದನ್ನೂ ಹೇಳಬಲ್ಲದು: ಸಕ್ಕರೆ ಕಾಯಿಲೆ, ಗರ್ಭ, ಮೂರ್ಛೆರೋಗಕ್ಕೆ ವೈದ್ಯರು ಕೊಟ್ಟ ಫೀನೋಬಾರ್ಬಿಟಲ್. ಇವನ್ನು ಮಾಲೀಕನು ತಿಳಿಯುವುದು ಸರಿಯೆ? ನ್ಯಾಯಾಲಯಗಳು ಇದಕ್ಕೆ ದಾರಿ ತೋರಿವೆ. ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆಗೆ ಒಳಪಡಿಸಬಾರದೆಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪಿತ್ತಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದನ್ನು ಸರಕಾರ ಮಿತಗೊಳಿಸಬೇಕಾದರೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕ್ರಮವು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ಈ ಅಳತೆಯಲ್ಲಿ, ನೂರಾರು ಪ್ರಾಣಗಳನ್ನು ಹೊತ್ತ ಚಾಲಕನ ಪರೀಕ್ಷೆಗೆ ಸಮರ್ಥನೆಯುಂಟು. ಲೆಕ್ಕ ಬರೆಯುವ ಗುಮಾಸ್ತನ ಪರೀಕ್ಷೆಗೆ ಅಷ್ಟು ಬಲವಾದ ಕಾರಣವು ನಮಗೆ ತೋರದು. ನಾಳೆ ಉದ್ಯೋಗಕ್ಕೆ ಸೇರುವ ತರುಣರು ಒಪ್ಪಿಗೆಯ ಸಹಿ ಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಲಿ: ಏನನ್ನು ಹುಡುಕುವಿರಿ? ಎರಡನೆಯ ಪರೀಕ್ಷೆಯುಂಟೆ? ಫಲಿತಾಂಶವನ್ನು ಯಾರು ನೋಡುವರು?